ಮೂರಂಕಿ ಬೀಗದ ಟ್ರಾಲಿ ಬ್ಯಾಗ್: ಐದು ವರ್ಷ ಬಳಸಿದ ಮೇಲೆ

ಐದಕ್ಕೆ ಅಂಕ ಕೊಡುವುದಾದರೆ ಚಿಪ್ಪಿಗೆ ನಾಲ್ಕು, ಬೀಗಕ್ಕೆ ಮೂರು, ಜಿಪ್ಪಿಗೆ ಒಂದೇ. ಕಳ್ಳನ ಕೈ ಮೊದಲು ಹೋಗುವುದೂ ಜಿಪ್ಪಿಗೇ. ಬಾಲ್‌ಪೆನ್ನಿನ ಮೊನೆಯನ್ನು ಹಲ್ಲುಗಳ ನಡುವೆ ಒತ್ತಿದರೆ ನೈಲಾನ್ ಜಿಪ್ ಬಾಯಿ ಬಿಡುತ್ತದೆ, ಬೀಗ ಬೀಗವಾಗಿಯೇ ಇರುತ್ತದೆ. ಜಿಪ್ ಎಳೆಯುವ ಎರಡು ಸ್ಲೈಡರ್‌ಗಳನ್ನು ಸೇರಿಸಿ ಸಣ್ಣ ಬೀಗ ತೂಗಿಸಿದ್ದರೆ, ಕೆಲಸ ಮುಗಿದ ಮೇಲೆ ಆ ಜೋಡಿಯನ್ನು ಒಂದು ಸುತ್ತು ಎಳೆದರಾಯಿತು, ಜಿಪ್ ಮತ್ತೆ ಕೂಡಿಕೊಳ್ಳುತ್ತದೆ. ಮನೆಗೆ ಬಂದು ಬಿಚ್ಚುವವರೆಗೂ ಏನೂ ಗೊತ್ತಾಗುವುದಿಲ್ಲ.

ಚಿಪ್ಪಿನಲ್ಲೇ ಕೂರಿಸಿದ ಬೀಗದ ಬೆಲೆ ತಿಳಿಯುವುದು ಇಲ್ಲೇ. ಸ್ಲೈಡರ್‌ಗಳು ಅದರೊಳಗೆ ಸಿಕ್ಕಿರುವುದರಿಂದ ಕದಲುವುದಿಲ್ಲ, ಪೆನ್ನಿನಿಂದ ಸೀಳಿದ ಜಿಪ್ ಸೀಳಿದಂತೆಯೇ ಬೆಲ್ಟಿಗೆ ಬರುತ್ತದೆ.

ಬೀಗದ ಮೇಲಿನ ಕೆಂಪು ವಜ್ರಾಕೃತಿಯ ಗುರುತಿನ ಅರ್ಥ, ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ಸಂಸ್ಥೆ ಟಿಎಸ್‌ಎಯ ತಪಾಸಣೆಯವರ ಬಳಿ ಇದರ ಮಾಸ್ಟರ್ ಕೀ ಇದೆ ಎಂದು. ಆ ಕೀಗಳ ಫೋಟೊ 2014ರಲ್ಲಿ ಪತ್ರಿಕೆಯೊಂದರಲ್ಲಿ ಬಂತು; 2015ರಲ್ಲಿ ಅದನ್ನು ನೋಡಿ 3ಡಿ ಪ್ರಿಂಟರಿನಲ್ಲಿ ಕೀ ತಯಾರಿಸುವ ಫೈಲುಗಳೂ ಹೊರಬಂದವು. ಸಾಲದ್ದಕ್ಕೆ ಮೂರಂಕಿ ಎಂದರೆ ಸಾವಿರವೇ ಜೋಡಣೆ, ಸೆಕೆಂಡಿಗೊಂದರಂತೆ ತಿರುಗಿಸಿದರೆ ಹದಿನೇಳು ನಿಮಿಷದೊಳಗೆ ಎಲ್ಲವೂ ಮುಗಿಯುತ್ತವೆ. ಕೀ ಹಾಕಿ ತೆರೆದರೆ ಗುರುತು ಉಳಿಯುವುದಿಲ್ಲವಾದ್ದರಿಂದ, ಎರಡು ಸ್ಲೈಡರ್‌ಗಳ ತೂತಿನಲ್ಲಿ ಕ್ರಮಸಂಖ್ಯೆಯಿರುವ ಪ್ಲಾಸ್ಟಿಕ್ ಸೀಲು ತೂರಿಸಿ ಪಕ್ಕದ ಹಿಡಿಗೆ ಬಿಗಿದು, ಸಂಖ್ಯೆಯ ಫೋಟೊ ತೆಗೆದಿಡಿ. ಸಾದಾ ಕೇಬಲ್ ಟೈ ಬೇಡ, ಕತ್ತರಿಸಿದವರು ಅಂಥದ್ದೇ ಇನ್ನೊಂದು ಹಾಕಬಹುದು. ಅಮೆರಿಕದಲ್ಲಿ ಟಿಎಸ್‌ಎಯವರೇ ತೆರೆದಿದ್ದರೆ ಸಾಮಾನ್ಯವಾಗಿ ಒಳಗೊಂದು ಮುದ್ರಿತ ಚೀಟಿ ಇರುತ್ತದೆ.

ಬೀಗ ಕೈಕೊಡುವುದು ಹೆಚ್ಚಾಗಿ ರಿಸೆಟ್ ಗುಂಡಿಯಿಂದ. ಹೊಸ ಸಂಖ್ಯೆ ಕೂರಿಸಿದ ಮೇಲೆ ಗುಂಡಿ ಹೊರಗೆ ಚಿಮ್ಮದೆ ಒಳಗೇ ಉಳಿದರೆ, ಆಮೇಲೆ ಚಕ್ರ ಎಲ್ಲಿಗೆ ಹೊರಳಿತೋ ಅದೇ ಸಂಖ್ಯೆಯಾಗಿಬಿಡುತ್ತದೆ. ಬ್ಯಾಗ್ ತೆರೆದಿಟ್ಟುಕೊಂಡೇ ಎರಡು ಸಲ ಹಾಕಿ ತೆಗೆದು ನೋಡಿ.

ಬ್ಯಾಗ್ ಎಲ್ಲಿದೆ ಎಂದು ಫೋನಿನಲ್ಲಿ ತೋರಿಸುವ ಆ್ಯಪಲ್‌ನ ಬಿಲ್ಲೆ ಏರ್‌ಟ್ಯಾಗ್ ಒಳ್ಳೆಯದೇ, ಸಿಆರ್2032 ಸೆಲ್ ಸುಮಾರು ಒಂದು ವರ್ಷ ಬರುತ್ತದೆ. ಮಕ್ಕಳು ನುಂಗದಿರಲಿ ಎಂದು ಕಹಿ ಲೇಪ ಹಚ್ಚಿದ ಸೆಲ್ ಕೆಲವೊಮ್ಮೆ ಅದರಲ್ಲಿ ಕೆಲಸ ಮಾಡುವುದಿಲ್ಲ. ಆದರೆ ಅದರಿಂದ ಬ್ಯಾಗ್ ಮಾತ್ರ ಸಿಗುತ್ತದೆ, ಒಳಗಿನ ಸರ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಚಿನ್ನ, ನಗದು, ಲ್ಯಾಪ್‌ಟಾಪ್ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕಿಗಂತೂ ಚೆಕ್‌-ಇನ್ ಬ್ಯಾಗಿನಲ್ಲಿ ಜಾಗವೇ ಇಲ್ಲ, ಅದೊಂದಕ್ಕಾಗಿಯೇ ಬ್ಯಾಗ್ ತೆರೆಸುತ್ತಾರೆ.

ಕೌಂಟರಿನಲ್ಲಿ ಎರಡು ಬ್ಯಾಗಿನ ತೂಕ ಕೂಡಿಸಿ ಬರೆದರೆ, ಯಾವುದರಿಂದ ಎಷ್ಟು ಕಡಿಮೆಯಾಯಿತೆಂದು ಆಮೇಲೆ ತೋರಿಸಲಾಗುವುದಿಲ್ಲ. ಒಂದೊಂದನ್ನೂ ತೂಗಿದಾಗ ತಕ್ಕಡಿಯ ಅಂಕಿಯ ಫೋಟೊ ತೆಗೆಯಿರಿ. ಇಳಿದ ಮೇಲೆ ಸೀಲು ಹರಿದಿದ್ದರೆ ಅಥವಾ ಜಿಪ್ ಸೀಳಿದ್ದರೆ, ಹಾಲ್ ಬಿಟ್ಟು ಹೊರಡುವ ಮುಂಚೆಯೇ ವಿಮಾನ ಸಂಸ್ಥೆಯ ಬ್ಯಾಗೇಜ್ ಕೌಂಟರಿನಲ್ಲಿ ಮತ್ತೆ ತೂಗಿಸಿ, ಪಿಐಆರ್ (ಬ್ಯಾಗಿನ ಹಾನಿ-ನಷ್ಟದ ವರದಿ) ಬರೆಸಿ ಪ್ರತಿ ತೆಗೆದುಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯ ಲಿಖಿತ ದೂರಿಗೆ ಏಳು ದಿನದ ಗಡುವು. 2024ರ ಡಿಸೆಂಬರ್ 28ರಿಂದ ಪರಿಹಾರದ ಮಿತಿ ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ). ಅದಕ್ಕಿಂತ ಬೆಲೆಬಾಳುವುದು ಇದ್ದರೆ ಚೆಕ್‌-ಇನ್ ಹೊತ್ತಿಗೇ ಮೌಲ್ಯ ಘೋಷಿಸಬೇಕು, ಅದಕ್ಕೆ ಪ್ರತ್ಯೇಕ ಶುಲ್ಕ ಕೇಳಬಹುದು.

ಮುಂದಿನ ಸಲ ಕೊಳ್ಳುವಾಗ ಇದನ್ನೇ ಕೊಳ್ಳುವುದಿಲ್ಲ. ಜಿಪ್ಪೇ ಇಲ್ಲದ, ಲೋಹದ ಚೌಕಟ್ಟಿಗೆ ಎರಡು ಕೊಂಡಿ ಬೀಗವಿರುವ ಬ್ಯಾಗ್ ಸ್ವಲ್ಪ ಹೆಚ್ಚು ತೂಗಿದರೂ ಅದೇ ವಾಸಿ.