ಬಕೆಟ್ಟೋ, ಮುಳ್ಳೋ, ಹಿಂದಿನ ಪೆಟ್ಟಿಗೆಯೋ? ಪುಟ್ಟ ಟ್ರ್ಯಾಕ್ಟರಿಗೆ ನಾನು ಮಾಡಿಸಿದ ಸಾಮಾನುಗಳ ಹೋಲಿಕೆ

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. 24 ಎಚ್‌ಪಿಯ ಪುಟ್ಟ ಟ್ರ್ಯಾಕ್ಟರ್ ಇದೆ, ನಾಲ್ಕೂ ಚಕ್ರಕ್ಕೆ ಡ್ರೈವ್ ಇರುವಂಥದ್ದು. ಒಂಬತ್ತು ಅಡಿ ಅಂತರದ ಮರಗಳ ನಡುವೆ ಓಡಾಡುವುದಕ್ಕೆ ಇದಕ್ಕಿಂತ ದೊಡ್ಡದು ಆಗುವುದಿಲ್ಲ. ಗೊಬ್ಬರ ಎತ್ತುವುದಕ್ಕೆ, ಬೇಸಿಗೆಯಲ್ಲಿ ತೋಟಕ್ಕೆ ಹೊಸ ಮಣ್ಣು ಹಾಕುವುದಕ್ಕೆ ಆಳು ಸಿಗುವುದು ಕಷ್ಟವಾದಾಗ ಮುಂದುಗಡೆ ಲೋಡರ್, ಅಂದರೆ ಭಾರ ಎತ್ತುವ ತೋಳು, ಹಾಕಿಸಿದೆ. ಲೋಡರಿನ ತೋಳು, ಸಿಲಿಂಡರು, ವಾಲ್ವು ಮಾತ್ರ ಕೊಂಡದ್ದು. ಅದರ ತುದಿಗೆ ಏನು ಸಿಕ್ಕಿಸಬೇಕು ಅನ್ನುವುದನ್ನು ನಾನೂ ಊರಿನ ವೆಲ್ಡರೂ ಕೂತು ನಿರ್ಧಾರ ಮಾಡಿದೆವು. ಮೂರು ವರ್ಷದಲ್ಲಿ ಎರಡು ಬಕೆಟ್, ಗೊಬ್ಬರ ಚುಚ್ಚಿ ಎತ್ತುವ ಎರಡು ಮುಳ್ಳು, ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸುವ ಒಂದು ಪೆಟ್ಟಿಗೆ ಆಯಿತು. ದುಡ್ಡು ದಂಡವಾದದ್ದೂ ಉಂಟು.

ಮೊದಲು ಒಂದು ಲೆಕ್ಕ. ನನ್ನ ಲೋಡರ್ ತೋಳಿನ ತುದಿಯಲ್ಲಿ ಎತ್ತುವುದು 300 ಕೆಜಿ. ಈ 300 ಕೆಜಿಯಲ್ಲಿ ನೀವು ಸಿಕ್ಕಿಸುವ ಸಾಮಾನಿನ ತೂಕವೂ ಸೇರಿದೆ. ಇದು ಗೊತ್ತಿರಲಿಲ್ಲ ಅಂತಲ್ಲ, ಮನಸ್ಸಿಗೆ ಇಳಿದಿರಲಿಲ್ಲ. ಒಂದು ಚದರ ಮೀಟರ್ ಕಬ್ಬಿಣದ ತಗಡು ಒಂದು ಮಿಲಿಮೀಟರ್ ದಪ್ಪಕ್ಕೆ 7.85 ಕೆಜಿ ತೂಗುತ್ತದೆ. ಅಂದರೆ 6 ಮಿಮೀ ಪ್ಲೇಟು ಚದರ ಮೀಟರಿಗೆ 47 ಕೆಜಿ, 4 ಮಿಮೀ ಆದರೆ 31 ಕೆಜಿ. ರೌಂಡ್ ರಾಡಿಗೆ ಕಬ್ಬಿಣದ ಅಂಗಡಿಯವರ ಸೂತ್ರವೇ ಇದೆಯಲ್ಲ: ರಾಡಿನ ವ್ಯಾಸದ ಮಿಲಿಮೀಟರ್ ಅಳತೆಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತದೆ. ವೆಲ್ಡರ್ ಹತ್ತಿರ ಹೋಗುವ ಮುಂಚೆ ಇಷ್ಟು ಲೆಕ್ಕ ಹಾಕಿದ್ದರೆ ನನ್ನ ಮೊದಲ ಬಕೆಟ್ ಹುಟ್ಟುತ್ತಲೇ ಇರಲಿಲ್ಲ.

ಆ ಬಕೆಟ್ 6 ಮಿಮೀ ಪ್ಲೇಟಿನದು. ಅಗಲ ನಾಲ್ಕು ಅಡಿ, ಹಿಡಿಯುವುದು ಸುಮಾರು 150 ಲೀಟರ್. "ಅಣ್ಣಾ, ಇಷ್ಟು ಪುಟ್ಟ ಗಾಡಿಗೆ ಇದು ಜಾಸ್ತಿ ಆಗ್ತದೆ" ಅಂತ ವೆಲ್ಡರ್ ಹೇಳಿದ್ದ. ಗಟ್ಟಿ ಇರಲಿ ಮಾರಾಯ, ಒಂದೇ ಸಲ ಮಾಡಿಸೋದಲ್ವಾ ಅಂದೆ. ತಯಾರಾದ ಮೇಲೆ ತೂಗಿದರೆ ಬಾಯಿಯ 12 ಮಿಮೀ ಪಟ್ಟಿ, ಲೋಡರಿಗೆ ಸಿಕ್ಕಿಸುವ ಹಿಂದಿನ ಕಿವಿಗಳು ಎಲ್ಲ ಸೇರಿ 102 ಕೆಜಿ! ಉಳಿದದ್ದು 198. ಒದ್ದೆ ಮಣ್ಣು 150 ಲೀಟರಿಗೆ 240 ಕೆಜಿ ಹತ್ತಿರ ಬರುತ್ತದೆ. ಅಂದರೆ ನನ್ನ ಬಕೆಟ್ಟನ್ನು ತುಂಬಿಸಿ ಎತ್ತುವ ತಾಕತ್ತೇ ನನ್ನ ಲೋಡರಿಗೆ ಇರಲಿಲ್ಲ. ಮುಕ್ಕಾಲು ತುಂಬಿಸಿ ಎತ್ತಿದರೂ ತೋಳು ನರಳುತ್ತಿತ್ತು.

ಇದರಲ್ಲೇ ಒಂದು ದಿನ ಹೆದರಿದ್ದೂ ಆಯಿತು. ಧರೆ ಕಡಿದ ಮಣ್ಣನ್ನು ತೋಟಕ್ಕೆ ಇಳಿಸುತ್ತಿದ್ದೆ. ಇಳಿಜಾರಿನಲ್ಲಿ ಮುಂದಿನ ಡ್ರೈವ್ ಹಾಕಿರಲಿಲ್ಲ, ಬಕೆಟ್ ಎದೆಮಟ್ಟಕ್ಕಿತ್ತು. ಬ್ರೇಕ್ ಒತ್ತಿದರೆ ಗಾಡಿ ನಿಲ್ಲದೆ ಜಾರುತ್ತಾ ಹೋಯಿತು. ನನ್ನ ಟ್ರ್ಯಾಕ್ಟರಿನ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಮುಂದೆ ಭಾರ ಕೂತು ಹಿಂದಿನ ಚಕ್ರ ಹಗುರಾದರೆ ಬ್ರೇಕ್ ಹಿಡಿಯುವುದು ಗಾಳಿಯನ್ನೇ. ಬಕೆಟ್ಟನ್ನು ನೆಲಕ್ಕೆ ಕುಕ್ಕಿದೆ, ಗಾಡಿ ನಿಂತಿತು. ಅಪ್ಪಯ್ಯ ಮೇಲಿಂದ ನೋಡುತ್ತಾ ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮರುವಾರವೇ ಅರ್ಧ ಡ್ರಮ್ಮಿಗೆ ಕಾಂಕ್ರೀಟ್ ತುಂಬಿಸಿ ಟ್ರ್ಯಾಕ್ಟರಿನ ಹಿಂದೆ ನೇಗಿಲು ಸಿಕ್ಕಿಸುವ ಲಿಂಕಿಗೆ ನೇತುಹಾಕಿದೆ. ನೂರು ಲೀಟರ್ ಕಾಂಕ್ರೀಟ್ ಅಂದರೆ 240 ಕೆಜಿ. ಈಗ ಹಿಂದೆ ಭಾರ ಇಲ್ಲದೆ ಲೋಡರ್ ಮುಟ್ಟುವುದಿಲ್ಲ, ಇಳಿಜಾರಿನಲ್ಲಿ ಮುಂದಿನ ಡ್ರೈವ್ ಹಾಕದೆ ಇಳಿಯುವುದಿಲ್ಲ, ತುಂಬಿದ ಬಕೆಟ್ಟನ್ನು ನೆಲದಿಂದ ಒಂದು ಅಡಿಗಿಂತ ಮೇಲೆ ಇಟ್ಟುಕೊಂಡು ಓಡಿಸುವುದಿಲ್ಲ.

ಎರಡನೇ ಬಕೆಟ್ 4 ಮಿಮೀ ಪ್ಲೇಟಿನದು. ಅದೇ ಅಳತೆ. ತೆಳು ಪ್ಲೇಟು ಬಗ್ಗಬಾರದು ಅಂತ ತಳದ ಕೆಳಗೆ ಮೂರು ಪಟ್ಟಿ, ಬೆನ್ನಿಗೆ ಅಡ್ಡಲಾಗಿ ಒಂದು ಆಂಗಲ್ ಕೊಟ್ಟೆವು. ತೂಕ 76 ಕೆಜಿ. ಎರಡು ಬೇಸಿಗೆ ಮಣ್ಣು ಹೊತ್ತಿದೆ, ಒಂದು ಮೂಲೆ ಸ್ವಲ್ಪ ತಗ್ಗಿದೆ ಅಷ್ಟೆ. ಸವೆಯುವುದು ಬಾಯಿಯ ಪಟ್ಟಿ, ಬಗ್ಗುವುದು ಮೂಲೆ. ನಡುವಿನ ಪ್ಲೇಟನ್ನು ದಪ್ಪ ಮಾಡಿ ಏನೂ ಲಾಭವಿಲ್ಲ. ಪುಟ್ಟ ಟ್ರ್ಯಾಕ್ಟರಿಗೆ 6 ಮಿಮೀ ಬಕೆಟ್ ಮಾಡಿಸಬೇಡಿ ಅಂತ ಯಾರ ಎದುರು ಬೇಕಾದರೂ ಹೇಳುತ್ತೇನೆ.

ಮಣ್ಣು, ಮರಳು, ಜಲ್ಲಿಗೆ ಬಕೆಟ್ ಸರಿ. ಆದರೆ ಮಲೆನಾಡಿನ ಕೊಟ್ಟಿಗೆ ಗೊಬ್ಬರ ಬೇರೆಯೇ ಜಾತಿ. ಸೊಪ್ಪು, ಒಣ ದರಗು, ಸಗಣಿ, ಗಂಜಲ ಎಲ್ಲ ಪದರ ಪದರವಾಗಿ ತುಳಿದು ತುಳಿದು ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತದೆ. ಬಕೆಟ್ಟಿನ ಬಾಯಿ ಅದರೊಳಗೆ ಹೋಗುವುದಿಲ್ಲ. ಗಾಡಿ ಮುಂದೆ ನುಗ್ಗಿದರೆ ಚಕ್ರ ಸುತ್ತುತ್ತದೆ, ಗೊಬ್ಬರದ ಗುಪ್ಪೆ ಹಾಗೇ ಹಿಂದೆ ಸರಿಯುತ್ತದೆ. ಪ್ರತಿ ಸಲ ಅರ್ಧ ಬಕೆಟ್ ಬಂದರೆ ಪುಣ್ಯ. ನಮ್ಮ ಸಣ್ಣ ಟ್ರೇಲರ್ ತುಂಬಲು ಇಪ್ಪತ್ತು ಸಲ, ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯಿತು.

ಆಗ ಬಂತು ಮುಳ್ಳಿನ ಯೋಚನೆ. ಫೋರ್ಕ್ ಅಂತ ಕೆಲವರು ಹೇಳುತ್ತಾರೆ, ನಮ್ಮ ವೆಲ್ಡರ್ ಮುಳ್ಳು ಅಂದ, ಮನೆಯಲ್ಲೂ ಅದೇ ಹೆಸರು ನಿಂತಿತು.

ಮೊದಲ ಮುಳ್ಳಿನ ಕಥೆ ನಗು ಬರಿಸುವಂಥದ್ದು. ಗುಜರಿಯಲ್ಲಿ ಲಾರಿಯ ಹಳೆ ಸ್ಪ್ರಿಂಗ್ ಪ್ಲೇಟು ಅಗ್ಗಕ್ಕೆ ಸಿಕ್ಕಿತು. ಅಷ್ಟು ಟನ್ ಹೊತ್ತ ಕಬ್ಬಿಣ, ಗೊಬ್ಬರ ಹೊರುವುದಿಲ್ಲವೇ? ಉದ್ದಕ್ಕೆ ಸೀಳಿಸಿ, ತುದಿ ಚೂಪು ಮಾಡಿಸಿ, ಮಾಮೂಲಿ 6013 ವೆಲ್ಡಿಂಗ್ ರಾಡಿನಲ್ಲಿ ಚಾನೆಲ್‌ಗೆ (ಮೂರು ಬದಿಯ ಕಬ್ಬಿಣದ ತೊಲೆಗೆ) ವೆಲ್ಡ್ ಮಾಡಿಸಿದೆ. ಮೊದಲ ದಿನವೇ ಎರಡು ಮುಳ್ಳು ಟಣ್ ಅಂತ ಹೋದವು. ಬಗ್ಗಲೇ ಇಲ್ಲ, ಬಳಪದ ಹಾಗೆ ಮುರಿದವು. ಎರಡೂ ಮುರಿದದ್ದು ವೆಲ್ಡಿನ ಪಕ್ಕದಲ್ಲೇ. ಸ್ಪ್ರಿಂಗ್ ಕಬ್ಬಿಣದಲ್ಲಿ ಕಾರ್ಬನ್ ಜಾಸ್ತಿ. ವೆಲ್ಡ್ ಮಾಡುವಾಗ ಕೆಂಪಗೆ ಕಾದು ತಕ್ಷಣ ತಣ್ಣಗಾದರೆ ಆ ಜಾಗ ಗಾಜಿನ ಹಾಗೆ ಆಗುತ್ತದೆ. ಮೊದಲೇ ಕಾಯಿಸಿಕೊಂಡು, ವೆಲ್ಡ್ ಮಾಡಿ, ನಿಧಾನಕ್ಕೆ ಆರಿಸಿದರೆ ನಿಲ್ಲಬಹುದು. ಊರಿನ ಅಂಗಡಿಯಲ್ಲಿ ಅಷ್ಟು ತಾಳ್ಮೆ ನನಗೂ ಇರಲಿಲ್ಲ, ವೆಲ್ಡರಿಗೂ ಇರಲಿಲ್ಲ.

ಎರಡನೇ ಮುಳ್ಳಿಗೆ ಉಪಾಯ ಬದಲಿಸಿದೆವು. ಮುಳ್ಳನ್ನು ವೆಲ್ಡ್ ಮಾಡುವುದೇ ಬೇಡ, ಬುಷ್‌ನೊಳಗೆ (ಪೈಪಿನ ತುಂಡಿನೊಳಗೆ) ತೂರಿಸಿ ಹಿಂದಿನಿಂದ ನಟ್ ಹಾಕೋಣ ಅಂತ. ಶಾಫ್ಟ್ ಮಾಡುವ ಇಎನ್8 ಕಬ್ಬಿಣದ 25 ಮಿಮೀ ರಾಡ್ ತಂದೆ. ಒಂದಿಂಚಿನ ಸಿ ಕ್ಲಾಸ್ ಪೈಪಿನ ಒಳಗೆ ಈ ರಾಡ್ ಅಳತೆ ತೆಗೆದ ಹಾಗೆ ಕೂರುತ್ತದೆ. ಬಿ ಕ್ಲಾಸ್ ಪೈಪಾದರೆ ಗೋಡೆ ತೆಳು, ರಾಡ್ ಗಡಗಡ ಅಲ್ಲಾಡುತ್ತದೆ. ನಾನು ಮೊದಲು ಬಿ ಕ್ಲಾಸ್ ತಂದು ವಾಪಸ್ ಕೊಟ್ಟವನು. ಪೈಪಿನ ತುಂಡುಗಳನ್ನು 75 ಮಿಮೀ ಚಾನೆಲ್‌ಗೆ ತೂತು ಹೊಡೆದು ವೆಲ್ಡ್ ಮಾಡಿದೆವು. ಲೇತಿನಲ್ಲಿ ರಾಡಿನ ಒಂದು ತುದಿ ಚೂಪು ಮಾಡಿಸಿ, ಇನ್ನೊಂದು ತುದಿಗೆ ನಟ್ ಕೂರುವ ಮರೆ (ಥ್ರೆಡ್) ಹಾಕಿಸಿದೆವು. ಒಂಬತ್ತು ಮುಳ್ಳು, ನಡುವೆ ಆರಿಂಚು ಸಂದು. ಬೆನ್ನಿಗೆ ನಾಲ್ಕು ಸರಳು. ಒಟ್ಟು 61 ಕೆಜಿ.

ಇದು ಗೊಬ್ಬರದ ಗುಪ್ಪೆಗೆ ಹೋಗುವುದನ್ನು ನೋಡಬೇಕು, ಬಿಸಿ ಕಡುಬಿಗೆ ಕಡ್ಡಿ ಚುಚ್ಚಿದ ಹಾಗೆ! ಚುಚ್ಚಿ, ಸ್ವಲ್ಪ ಹಿಂದಕ್ಕೆ ಮಡಚಿ ಎತ್ತಿದರೆ ಕಂಬಳಿಯ ತುಂಡಿನಂತೆ ಗೊಬ್ಬರ ಎದ್ದು ಬರುತ್ತದೆ. ಅದೇ ಟ್ರೇಲರ್ ಹನ್ನೆರಡು ಸಲಕ್ಕೆ ತುಂಬಿತು, ಅರ್ಧ ಗಂಟೆ. ಡೀಸೆಲ್ ಉಳಿತಾಯ ಬೇರೆ, ಚಕ್ರ ಸುತ್ತಿ ಅಂಗಳ ಕೆಸರಾಗುವುದೂ ತಪ್ಪಿತು. ಒಮ್ಮೆ ಹಲಸಿನ ಬೇರಿಗೆ ತಾಗಿ ಒಂದು ಮುಳ್ಳು ಬಗ್ಗಿತು. ನಟ್ ಬಿಚ್ಚಿ, ಹೊಸದು ತೂರಿಸಿ, ಹತ್ತು ನಿಮಿಷದಲ್ಲಿ ಮತ್ತೆ ಕೆಲಸ. ಬಿಡಿ ಮುಳ್ಳು ಎರಡು ಯಾವಾಗಲೂ ಕೊಟ್ಟಿಗೆಯಲ್ಲಿ ಇಟ್ಟಿರುತ್ತೇನೆ.

ಇದರಲ್ಲಿ ಆಗದ್ದು ಏನು? ಚೆನ್ನಾಗಿ ಕಳಿತ ಪುಡಿ ಗೊಬ್ಬರ ಸಂದಿನಲ್ಲಿ ಸೋರುತ್ತದೆ. ಅಡಿಕೆ ಸಿಪ್ಪೆಯೂ ಅಷ್ಟೆ. ಮಣ್ಣಂತೂ ಕೇಳಲೇಬೇಡಿ. ಸೋಗೆ ಮಾತ್ರ ರಾಶಿ ರಾಶಿ ಹೊರುತ್ತದೆ, ಮೇಲಿಂದ ಒಂದು ಹಗ್ಗ ಬಿಗಿದರೆ ಆಯಿತು.

ನಡುವೆ ಒಂದು ಸೋಮಾರಿ ಪ್ರಯೋಗವೂ ಆಯಿತು. ಬಕೆಟ್ಟಿನ ಬಾಯಿಗೇ ಬೋಲ್ಟಿನಿಂದ ಕಚ್ಚಿಸುವ ಎರಡು ಉದ್ದ ಮುಳ್ಳು. ಬಕೆಟ್ ಬಿಚ್ಚುವ ಕೆಲಸ ಇಲ್ಲವಲ್ಲ ಅಂತ. ಭಾರ ಎರಡು ಅಡಿ ಮುಂದಕ್ಕೆ ಹೋಗಿ ತೋಳು ಎತ್ತುವುದೇ ಕಡಿಮೆಯಾಯಿತು, ಮೇಲಾಗಿ ಬಾಯಿಯ ಪಟ್ಟಿ ಸೊಟ್ಟಗಾಯಿತು. ಆ ತಗ್ಗಿದ ಮೂಲೆ ಅಂದೆನಲ್ಲ, ಅದು ಇದರದ್ದೇ ಗುರುತು.

ಇನ್ನು ಹಿಂದಿನ ಪೆಟ್ಟಿಗೆ. ಇದು ಲೋಡರಿಗೆ ಸೇರಿದ್ದೇ ಅಲ್ಲ, ಲೋಡರಿಗೆ ಎದುರಾಳಿ ಅನ್ನಬೇಕು. ಟ್ರ್ಯಾಕ್ಟರಿನ ಹಿಂದಿನ ಮೂರು ಪಾಯಿಂಟ್ ಲಿಂಕಿಗೆ ಸಿಕ್ಕಿಸುವ ಕಬ್ಬಿಣದ ತೊಟ್ಟಿ. ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ, ಹದಿನೈದು ಇಂಚು ಎತ್ತರ. ತಳಕ್ಕೆ 3 ಮಿಮೀ ತಗಡು, ಪಕ್ಕಕ್ಕೆ 2 ಮಿಮೀ, 40 ಮಿಮೀ ಆಂಗಲ್ ಚೌಕಟ್ಟು, ಹಿಂದೆ ಕೊಂಡಿ ತೆಗೆದರೆ ಬಿದ್ದುಕೊಳ್ಳುವ ಬಾಗಿಲು. 75 ಕೆಜಿ. ಕೆಳಗಿನ ಪಿನ್ನು 22 ಮಿಮೀ, ಮೇಲಿನದು 19 ಮಿಮೀ, ಅಂಗಡಿಯಲ್ಲಿ ಸಿದ್ಧವೇ ಸಿಗುತ್ತದೆ. ಸಿಲಿಂಡರ್ ಬೇಡ, ಪೈಪ್ ಬೇಡ, ವಾಲ್ವ್ ಬೇಡ.

ನನಗೆ ಬಿದ್ದ ಖರ್ಚು: ದಪ್ಪ ಬಕೆಟ್ಟಿಗೆ 15,500 ರೂಪಾಯಿ, ತೆಳು ಬಕೆಟ್ಟಿಗೆ 12,000, ಎರಡನೇ ಮುಳ್ಳಿಗೆ 13,000, ಪೆಟ್ಟಿಗೆಗೆ 8,000. ಬಕೆಟ್ಟು, ಮುಳ್ಳಿಗೆ ಲೋಡರಿನ ಖರ್ಚು ಬೇರೆ ಇದೆ ಅನ್ನುವುದನ್ನು ಮರೆಯಬಾರದು.

ಹಿಂದಿನ ಲಿಫ್ಟ್ 750 ಕೆಜಿ ಎತ್ತುತ್ತದೆ ಅಂತ ಪುಸ್ತಕದಲ್ಲಿದೆ. ಆದರೆ ಅದು ಲಿಂಕಿನ ತುದಿಯ ಲೆಕ್ಕ. ಪೆಟ್ಟಿಗೆಯ ಭಾರ ಇನ್ನೂ ಹಿಂದಕ್ಕೆ ಇರುತ್ತದೆ, ಪೂರ್ತಿ ಮಣ್ಣು ತುಂಬಿದರೆ ಮುಂದಿನ ಚಕ್ರ ನೆಲ ಬಿಟ್ಟು ಸ್ಟೇರಿಂಗ್ ಸುಮ್ನೆ ತಿರುಗುತ್ತದೆ. ಮಣ್ಣಾದರೆ ಅರ್ಧ, ಗೊಬ್ಬರವಾದರೆ ಪೂರ್ತಿ. ಟ್ರೇಲರ್ ಎತ್ತರಕ್ಕೆ ಎತ್ತಿ ಸುರಿಯುವುದು ಇದರಿಂದ ಆಗದು, ತುಂಬುವುದೂ ಕೈಯಿಂದಲೇ. ಇಷ್ಟಿದ್ದರೂ ಮನೆಯಲ್ಲಿ ದಿನಾ ಓಡಾಡುವುದು ಇದೇ. ಕೊನೆಕೊಯ್ಲಿನಲ್ಲಿ ಅಡಿಕೆ ಕೊನೆ, ಗೊಬ್ಬರದ ಚೀಲ, ಪಂಪ್‌ಸೆಟ್ಟು, ಸೌದೆ, ಮದುವೆಮನೆಯ ಪಾತ್ರೆ, ಏನು ಹೊತ್ತಿಲ್ಲ ಕೇಳಿ. ಲೋಡರ್ ಓಡಿಸುವ ದಿನ ಇದಕ್ಕೇ ಆರು ಜಂಬಿಟ್ಟಿಗೆ ಕಲ್ಲು ಇಟ್ಟರೆ ಹಿಂದಿನ ಭಾರವೂ ಆಯಿತು. ಕಾಂಕ್ರೀಟ್ ಡ್ರಮ್ಮು ಈಗ ಮೂಲೆ ಸೇರಿದೆ.

ವೆಲ್ಡಿಂಗ್ ಬಗ್ಗೆ ಎರಡು ಮಾತು. ಲೋಡರಿಗೆ ಸಿಕ್ಕಿಸುವ ಕಿವಿಗಳಿಗೆ 7018 ವೆಲ್ಡಿಂಗ್ ರಾಡೇ ಹಾಕಿಸಿ. ಆದರೆ ನಮ್ಮ ಮಳೆಗಾಲದಲ್ಲಿ ಆ ರಾಡ್ ತೇವ ಹೀರುತ್ತದೆ, ಬಿಸಿ ಮಾಡಿ ಒಣಗಿಸದೆ ಬಳಸಿದರೆ ಒಳ್ಳೆ ರಾಡ್ ತಂದೂ ಉಪಯೋಗವಿಲ್ಲ. ಗಾಡಿಯ ಮೇಲೆ ಇರುವಾಗಲೇ ವೆಲ್ಡ್ ಮಾಡುವುದಾದರೆ ಬ್ಯಾಟರಿ ವೈರ್ ಬಿಚ್ಚಿಸಿ, ಅರ್ತ್ ಕ್ಲಿಪ್ಪನ್ನು ವೆಲ್ಡಿನ ಪಕ್ಕದಲ್ಲೇ ಕಚ್ಚಿಸಿ.

ಹೊಸದಾಗಿ ಶುರು ಮಾಡುವುದಾದರೆ ನಾನು ಮೊದಲು ಪೆಟ್ಟಿಗೆ ಮಾಡಿಸುತ್ತೇನೆ. ಲೋಡರ್ ಬಂದ ಮೇಲೆ ಮುಳ್ಳು. ವರ್ಷಕ್ಕೆ ಎಂಟು ಹತ್ತು ದಿನ ಮಣ್ಣಿನ ಕೆಲಸ ಇದ್ದರೆ ಮಾತ್ರ 4 ಮಿಮೀ ಬಕೆಟ್, ಇಲ್ಲದಿದ್ದರೆ ಆ ದಿನಗಳಿಗೆ ಜೆಸಿಬಿ ಕರೆಸುವುದೇ ಲೇಸು. ಪೆಟ್ಟಿಗೆಯಲ್ಲಿ ಒಂದೇ ತೊಂದರೆ. ಮುಳ್ಳು ನನ್ನ ಲೋಡರಿಗೆ ಮಾತ್ರ ಹೊಂದುತ್ತದೆ, ಪೆಟ್ಟಿಗೆ ಊರಿನ ಎಲ್ಲ ಸಣ್ಣ ಟ್ರ್ಯಾಕ್ಟರಿಗೂ ಹೊಂದುತ್ತದೆ. ಕೊಯ್ಲು ಶುರುವಾದಾಗ ಪಕ್ಕದ ಮನೆಯವರು ಎರಡು ದಿನಕ್ಕೆ ಅಂತ ಒಯ್ದಿದ್ದಾರೆ. ಇವತ್ತಿಗೆ ಹದಿನೆಂಟು ದಿನ.