ಎರಡೂ ನಾಬ್ ಒಂದೇ ಕಡೆ ಇದೆ ನೋಡಿ ಸರ್ ಅಂದರೆ ನಂಬಬೇಡಿ

ಆಂಪ್ಲಿಫೈಯರ್ (ಆಂಪ್, ಅಂದರೆ ಹಾಡಿನ ಸಿಗ್ನಲ್ ಹೆಚ್ಚಿಸಿ ಸ್ಪೀಕರ್‌ಗೆ ಕೊಡುವ ಪೆಟ್ಟಿಗೆ) ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ದುಡ್ಡು ಕೊಡುವ ಮೊದಲೇ ಓದಿ. ನಾನು 1,85,000 ರೂಪಾಯಿ ಕೊಟ್ಟ ಮೇಲೆ ಕಲಿತೆ. ಮೂರು ತಿಂಗಳು ಯಾರಿಗೂ ಹೇಳಿರಲಿಲ್ಲ, ಅಷ್ಟು ನಾಚಿಕೆ ಆಗಿತ್ತು. ಮೊನ್ನೆ ನಮ್ಮ ಬೀದಿಯವರೇ ಒಬ್ಬರು ಅದೇ ಜಾಗಕ್ಕೆ ಡೆಮೋ ಕೇಳಲು ಹೋಗುತ್ತಿದ್ದಾರೆ ಅಂತ ಗೊತ್ತಾಯಿತು. ಇನ್ನು ಸುಮ್ಮನಿರುವುದು ತಪ್ಪು.

ನಾನಿರುವುದು ತುಮಕೂರಿನ ಕ್ಯಾತ್ಸಂದ್ರದಲ್ಲಿ. ಹೋದ ವರ್ಷ ರಿಟೈರ್ ಆದೆ. ಮಲ್ಲಿಕಾರ್ಜುನ ಮನ್ಸೂರರ ಗಾಯನ, ದೊರೆಸ್ವಾಮಿ ಅಯ್ಯಂಗಾರರ ವೀಣೆ, ನನಗೆ ಬೇಕಾಗಿರುವುದು ಇಷ್ಟೇ. ಹದಿನಾಲ್ಕು ವರ್ಷದ ಹಳೆಯ ಆಂಪ್ ಇತ್ತು, 50 ವಾಟ್‌ನದು. ಚೆನ್ನಾಗಿಯೇ ಓಡುತ್ತಿತ್ತು. ರಿಟೈರ್‌ಮೆಂಟ್ ಹಣ ಬಂತಲ್ಲ, ಜೀವನದಲ್ಲಿ ಒಂದು ಸಲ ಒಳ್ಳೆಯದು ಇಡೋಣ ಅನಿಸಿತು.

ಇಂಥದ್ದಕ್ಕೆ ನಮ್ಮ ಕಡೆಯವರು ಬೆಂಗಳೂರಿಗೇ ಹೋಗುವುದು. ಆದರೆ ಊರಿನಲ್ಲೇ ಒಬ್ಬರು ಮನೆಯ ಮಹಡಿ ಮೇಲೆ ರೂಮ್ ಮಾಡಿಕೊಂಡು ಮಾರುತ್ತಾರೆ ಅಂತ ಗೊತ್ತಾಯಿತು. ಹೆಸರು ಬರೆಯುವುದಿಲ್ಲ. ಫೋನ್ ಮಾಡಿದೆ. "ನಿಮ್ಮ ಹಳೇ ಆಂಪ್ ಕೂಡ ತನ್ನಿ ಸರ್, ಪಕ್ಕಪಕ್ಕದಲ್ಲೇ ಕೇಳಿ, ಆಮೇಲೆ ನಿರ್ಧಾರ ಮಾಡಿ" ಅಂದರು. ಇಷ್ಟು ಧೈರ್ಯವಾಗಿ ಹೇಳುವವರು ಮೋಸ ಮಾಡುತ್ತಾರೆಯೇ ಅಂದುಕೊಂಡೆ. ಆಟೋದಲ್ಲಿ ಇಟ್ಟುಕೊಂಡು ಹೋದೆ.

ರೂಮಿನಲ್ಲಿ ಕಾರ್ಪೆಟ್, ದಪ್ಪ ಪರದೆ, ನನ್ನ ಎದೆ ಎತ್ತರದ ಸ್ಪೀಕರ್‌ಗಳು. ಮೊದಲು ನನ್ನ ಆಂಪ್ ಹಾಕಿದರು. ಆಮೇಲೆ ಅವರದು. ಎರಡರ ವಾಲ್ಯೂಮ್ ನಾಬ್ ಗಡಿಯಾರದ ಹತ್ತು ಗಂಟೆಯ ಜಾಗಕ್ಕೆ ತಿರುಗಿಸಿ, ನನ್ನನ್ನು ಹತ್ತಿರ ಕರೆದು ತೋರಿಸಿದರು. "ಎರಡೂ ನಾಬ್ ಒಂದೇ ಕಡೆ ಇದೆ ನೋಡಿ ಸರ್. ಆಮೇಲೆ ಮೋಸ ಅನ್ನಬಾರದು." ಇದೇ ಮಾತು. ಇದೇ ಮಾತಿಗೆ ನಾನು ಬಿದ್ದೆ.

ಅವರ ಆಂಪ್‌ನಲ್ಲಿ ವೀಣೆಯ ಮಂದ್ರದ ತಂತಿ ಮೀಟಿದಾಗ ಮೈ ಜುಂ ಅಂತು. ಮನ್ಸೂರರ ದನಿ ಒಂದು ಹೆಜ್ಜೆ ಮುಂದೆ ಬಂದು ಕೂತ ಹಾಗೆ. ನನ್ನ ಹಳೆಯದು ಅದರ ಮುಂದೆ ಸಪ್ಪೆ. "ಇದರ ಕ್ಯಾರೆಕ್ಟರೇ ಹೀಗೆ ಸರ್, ದುಂಡಗಿನ ದನಿ" ಅಂದರು. ನಾನೂ ತಲೆ ಆಡಿಸಿದೆ. ಮಗನಿಗೆ ಕಳಿಸೋಣ ಅಂತ ಒಂದು ಫೋಟೋ ತೆಗೆದೆ. ತಟ್ಟೆ ಇಡ್ಲಿ ತರಿಸಿಕೊಟ್ಟರು. ಅರ್ಧ ಗಂಟೆಯಲ್ಲಿ ಹಣ ವರ್ಗಾವಣೆ ಆಯಿತು. ಹಳೆಯ ಆಂಪ್‌ಗೆ 8,000 ಎಕ್ಸ್‌ಚೇಂಜ್ ಅಂತ ಬೆಲೆಯಲ್ಲಿ ಕಳೆದರು. "ಈಗ ಮನೆಗೇ ತೆಗೆದುಕೊಂಡು ಹೋಗಿ, ಹುಡುಗ ಆಮೇಲೆ ಬಂದು ಒಯ್ಯುತ್ತಾನೆ" ಅಂದರು. ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿ, ಮಾರಿದ ಸಾಮಾನು ವಾಪಸ್ ಇಲ್ಲ. ಅದನ್ನೂ ಓದಲಿಲ್ಲ.

ಮನೆಗೆ ತಂದು ನನ್ನ ಸ್ಪೀಕರ್‌ಗೆ ಹಾಕಿದೆ. ಆ ದುಂಡಗಿನ ದನಿ ಇಲ್ಲ. ಎಲ್ಲಿ ಹೋಯಿತು? ವೈರ್ ತೆಗೆದು ಹಾಕಿದೆ. ಸ್ಪೀಕರ್ ಸರಿಸಿದೆ. ಇಲ್ಲವೇ ಇಲ್ಲ. ಅದೇ ನನ್ನ ಹಳೆಯ ದನಿ. ಮೂರನೇ ದಿನ ಫೋನ್ ಮಾಡಿದೆ.

"ಹೊಸದು ಸರ್. 200 ಗಂಟೆ ಓಡಬೇಕು, ಆಗ ಬಿಚ್ಚಿಕೊಳ್ಳುತ್ತೆ."

ದಿನಕ್ಕೆ ಹತ್ತು ಗಂಟೆ ಹಾಕಿ ಇಪ್ಪತ್ತು ದಿನ ಓಡಿಸಿದೆ. ನನ್ನ ಹೆಂಡತಿ ಪಾಪ, ಅಡುಗೆಮನೆಯಲ್ಲಿ ಅದನ್ನೇ ಕೇಳಿಕೊಂಡು ಇದ್ದಳು. ಏನೂ ಬದಲಾಗಲಿಲ್ಲ. ಮತ್ತೆ ಫೋನ್.

"ನಿಮ್ಮ ಸ್ಪೀಕರ್ ಇದಕ್ಕೆ ತಕ್ಕದ್ದಲ್ಲ ಸರ್."

ನನ್ನ ಸ್ಪೀಕರ್ ಯಾವುದು ಅಂತ ಮೊದಲ ದಿನವೇ ಹೇಳಿದ್ದೆ. ಅವರು ಡೈರಿಯಲ್ಲಿ ಬರೆದುಕೊಂಡಿದ್ದರು! ಅಷ್ಟೇ ವಾಟ್‌ಗೆ ಸ್ಪೀಕರ್ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದಕ್ಕೆ ಸೆನ್ಸಿಟಿವಿಟಿ ಅಂತಾರೆ, ಅದರ ಅಳತೆ ಡಿಬಿ (ಡೆಸಿಬೆಲ್). ನನ್ನದು 86 ಡಿಬಿ, ಅವರ ರೂಮಿನದು 92. ಈ 6 ಡಿಬಿ ಅಂದರೆ, ಅವರ ಸ್ಪೀಕರ್ 5 ವಾಟ್‌ನಲ್ಲಿ ಕೊಡುವ ಸದ್ದಿಗೆ ನನ್ನದಕ್ಕೆ 20 ವಾಟ್ ಬೇಕು. ಇದು ಮಾರುವವರಿಗೆ ಗೊತ್ತಿರಲ್ವಾ? ಗೊತ್ತಿತ್ತು. ಹೇಳಲಿಲ್ಲ.

ಆಮೇಲೆ 18,000 ರೂಪಾಯಿ ಕೇಬಲ್ ಹಾಕಿ ಅಂದರು. ಬೇಡ ಅಂದೆ. ಆಮೇಲೆ "ನಿಮ್ಮ ಏರಿಯಾದ ಕರೆಂಟ್ ಶುದ್ಧ ಇರಲ್ಲ ಸರ್, ಒಂದು ಕಂಡೀಷನರ್ ಹಾಕಿ". ಅವರ ಮನೆಗೂ ಅದೇ ಬೆಸ್ಕಾಂ ಕರೆಂಟು ತಾನೇ ಬರುವುದು? ಪ್ರತಿ ಸಲವೂ ನನ್ನಲ್ಲೇ ತಪ್ಪು, ನನ್ನ ಮನೆಯಲ್ಲೇ ತಪ್ಪು. ಆಂಪ್‌ನಲ್ಲಿ ಮಾತ್ರ ಎಂದೂ ಇಲ್ಲ.

ರಜೆಗೆ ನನ್ನ ತಂಗಿಯ ಮಗ ಬಂದ. ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾನೆ. ಕಥೆ ಕೇಳಿ, "ಮಾವ, ನಾಬ್ ನೋಡಿದ್ರೆ ಏನೂ ಗೊತ್ತಾಗಲ್ಲ. ವೋಲ್ಟ್ ನೋಡಬೇಕು" ಅಂದ. ಹಳೆಯ ಆಂಪ್ ಒಯ್ಯಲು ಹುಡುಗ ಇನ್ನೂ ಬಂದಿರಲಿಲ್ಲ, ಅದೇ ಪುಣ್ಯ. 400 ಹರ್ಟ್ಜ್‌ನ ಒಂದೇ ಸ್ವರ ಹಾಕಿ, ಎರಡರ ನಾಬನ್ನೂ ಹತ್ತು ಗಂಟೆಗೆ ಇಟ್ಟು, ಸ್ಪೀಕರ್ ವೈರ್ ಸೇರುವ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದ. ಹಳೆಯದು 1.6 ವೋಲ್ಟ್. ಹೊಸದು 2.0 ವೋಲ್ಟ್.

ಇಷ್ಟೇ. ನಾಬ್ ಒಂದೇ ಕಡೆ, ಸದ್ದು ಮಾತ್ರ ಒಂದೇ ಅಲ್ಲ. ಒಂದೊಂದು ಆಂಪ್‌ನ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ಒಂದೊಂದು ಥರ. ಇಲ್ಲಿರುವ ವ್ಯತ್ಯಾಸ ಸುಮಾರು 2 ಡಿಬಿ. ಇಷ್ಟು ಸಣ್ಣ ವ್ಯತ್ಯಾಸವನ್ನು ಕಿವಿ ಹೆಚ್ಚಿನ ಸಲ ಜೋರು ಅಂತ ಹೇಳುವುದಿಲ್ಲ, ಚೆನ್ನಾಗಿದೆ ಅನ್ನುತ್ತದೆ. ಅದರಲ್ಲೂ ಮೆಲ್ಲಗಿನ ಸದ್ದಿನಲ್ಲಿ ನಮಗೆ ಮಂದ್ರ ಕಡಿಮೆ ಕೇಳಿಸುತ್ತದೆ, ಸದ್ದು ಏರಿಸಿದಷ್ಟೂ ಮಂದ್ರ ತುಂಬಿಕೊಳ್ಳುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರಂತೆ, ತಂಗಿಯ ಮಗನೇ ಹೇಳಿದ. ಅಂದರೆ ನನ್ನ ಮೈ ಜುಂ ಅಂದದ್ದು ಆಂಪ್‌ನ ಗುಣಕ್ಕಲ್ಲ.

ಇನ್ನೊಂದಿದೆ. ಆ ದಿನದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ. ಅವರ ಆಂಪ್‌ನಲ್ಲಿ ಲೌಡ್‌ನೆಸ್ ಬಟನ್ ಒತ್ತಿ ಇಟ್ಟಿತ್ತು. ಆ ಬಟನ್ ಇರುವುದೇ ಮಂದ್ರ ಹೆಚ್ಚಿಸಲು. ನನ್ನ ಹಳೆಯದರಲ್ಲೂ ಅದೇ ಬಟನ್ ಇದೆ, ಅದನ್ನು ಒತ್ತಿರಲಿಲ್ಲ. ಫೋಟೋ ನೋಡಿದಾಗ ನನಗೆ ಕೈ ನಡುಗಿತು. ಎದುರಿಗೇ ಕೂತಿದ್ದೆ. ಕಣ್ಣೆದುರಿಗೇ ಇತ್ತು.

ಎರಡರಲ್ಲೂ ಆ ಬಟನ್ ಆಫ್ ಇಟ್ಟು, ಎರಡಕ್ಕೂ 2.0 ವೋಲ್ಟ್ ಬರುವ ಹಾಗೆ ಮಾಡಿ, ಮೇಲೆ ಬೆಡ್‌ಶೀಟ್ ಮುಚ್ಚಿ, ನಾಣ್ಯ ಚಿಮ್ಮಿ 12 ಸಲ ಕೇಳಿಸಿದ. ಯಾವುದು ಹೊಸದು ಅಂತ 7 ಸಲ ಸರಿ ಹೇಳಿದೆ. ಕಣ್ಣು ಮುಚ್ಚಿ ಬಾಯಿಗೆ ಬಂದಿದ್ದು ಹೇಳಿದ್ದರೂ ಹೆಚ್ಚೂಕಡಿಮೆ ಅಷ್ಟೇ ಬರುತ್ತಿತ್ತು. ಹೊಸ ಆಂಪ್ ಕೆಟ್ಟದ್ದಲ್ಲ, ಅದನ್ನು ಹೇಳಲೇಬೇಕು. ಗಟ್ಟಿಯಾಗಿದೆ, 100 ವಾಟ್ ಇದೆ. ಆದರೆ 50ರಿಂದ 100 ಅಂದರೆ ಸಿಗುವುದು ಬರೀ 3 ಡಿಬಿ, ಅದೂ ಪೂರ್ತಿ ತಿರುಗಿಸಿದಾಗ. ನನ್ನ ಹಾಲ್‌ನಲ್ಲಿ, ನನ್ನ ಸ್ಪೀಕರ್‌ಗೆ, ನಾನು ಕೇಳುವ ಸದ್ದಿಗೆ ಅದು ಬೇಕಾಗಿಯೇ ಇರಲಿಲ್ಲ.

ಆ ಫೋಟೋ ಮಾರಿದವರಿಗೆ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಮತ್ತೆ ಕಳಿಸಿದೆ. ಆಗ ಬಂತು: "ನೀವೇ ಕೇಳಿ, ಇಷ್ಟಪಟ್ಟು ತಗೊಂಡಿದ್ದು ಸರ್. ನಾನೇನು ಬಲವಂತ ಮಾಡಿದ್ನಾ?" ಅದರ ಕೆಳಗೆ, "ವಯಸ್ಸಾದ ಮೇಲೆ ಕೆಲವರಿಗೆ ವ್ಯತ್ಯಾಸ ಗೊತ್ತಾಗಲ್ಲ, ಒಂದ್ಸಲ ಕಿವಿ ತೋರಿಸಿಕೊಳ್ಳಿ".

ಕೊಳ್ಳುವಾಗ "ನಿಮ್ಮಂಥ ಕಿವಿ ಅಪರೂಪ ಸರ್" ಅಂದಿದ್ದು ಇವರೇ. ಆ ಮೆಸೇಜ್ ಓದಿದ ರಾತ್ರಿ ನಿದ್ದೆ ಬರಲಿಲ್ಲ. ದುಡ್ಡು ಹೋಗಿದ್ದಕ್ಕಿಂತ ಈ ಮಾತು ಜಾಸ್ತಿ ಚುಚ್ಚಿತು.

ಹಾಗಾಗಿ ಹೇಳುತ್ತಿದ್ದೇನೆ. ಒಂದು ಸಾಧಾರಣ ಮಲ್ಟಿಮೀಟರ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಎರಡಕ್ಕೂ ವೋಲ್ಟ್ ಸರಿಸಮ ಮಾಡಿಸಿ, ಆಮೇಲೆ ಕೇಳಿ. ಮೀಟರ್‌ನ ಎರಡು ಮೊನೆ ಟರ್ಮಿನಲ್ ಮೇಲೆ ಒಂದಕ್ಕೊಂದು ತಗುಲದ ಹಾಗೆ ನೋಡಿಕೊಳ್ಳಿ, ಆಂಪ್ ಸುಡಬಹುದು. ಲೌಡ್‌ನೆಸ್ ಆಫ್ ಮಾಡಿಸಿ, ಬಾಸ್, ಟ್ರೆಬಲ್ ಏರಿಸದೆ ಇಳಿಸದೆ ನಡುವೆ ಇಡಿಸಿ. ಹಾಡು ನಿಮ್ಮದೇ ಇರಲಿ, ಅವರ ಪೆನ್‌ಡ್ರೈವ್ ಬೇಡ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಮನೆಯಲ್ಲಿ ನಿಮ್ಮ ಸ್ಪೀಕರ್‌ಗೆ ಹಾಕಿ ಎರಡು ದಿನ ಕೇಳುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಮೀಟರ್ ತೆಗೆದ ಕೂಡಲೇ ಮುಖ ಗಂಟಿಕ್ಕುವವರ ಹತ್ತಿರ ಒಂದು ಮಾರು ವೈರೂ ಕೊಳ್ಳಬೇಡಿ.

ಹೋದ ವಾರ ಹಳೆಯ ಆಂಪ್ ಒಯ್ಯಲು ಹುಡುಗ ಕೊನೆಗೂ ಬಂದ. ಕೊಡುವುದಿಲ್ಲ ಅಂದೆ. ಸಂಜೆ ಅವರಿಂದ ಮೆಸೇಜ್: "ಹಾಗಾದರೆ 8,000 ಬಾಕಿ ಸರ್". ಆ ಕ್ಷಣವೇ ಕಳಿಸಿದೆ. ಈಗ ವೀಣೆ ಅದರಲ್ಲೇ ಕೇಳುತ್ತಿದ್ದೇನೆ.