ಮಿಲಿಟರಿ ಏರೋ ಕ್ಲಬ್: ಅಗ್ಗ ಅಂತ ಹೋಗಬೇಡಿ, ಬೇರೆ ಕಾರಣಕ್ಕೆ ಹೋಗಿ

ಅಮೆರಿಕದ ಕೆಲವು ಸೇನಾ ನೆಲೆಗಳ ಒಳಗೆ ವಿಮಾನ ಹಾರಿಸೋದು ಕಲಿಸುವ ಕ್ಲಬ್ ಇದೆ ಅಂದರೆ ನಮ್ಮವರು ನಂಬೋದಿಲ್ಲ. ನನ್ನ ಗಂಡ ಏರ್ ಫೋರ್ಸ್‌ನಲ್ಲಿದ್ದಾರೆ, ಆ ಲೆಕ್ಕದಲ್ಲಿ ನನಗೆ ಸದಸ್ಯತ್ವ ಸಿಕ್ಕಿತು. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿ ಕಡೆಯ ಒಂದು ಬೇಸ್. ಸೊನ್ನೆಯಿಂದ ಶುರುಮಾಡಿ ಅಲ್ಲೇ ಪ್ರೈವೇಟ್ ಪೈಲಟ್ ಲೈಸೆನ್ಸ್ ತಗೊಂಡೆ, ಈಗಲೂ ಅದೇ ಕ್ಲಬ್‌ನ ಸೆಸ್ನಾ 172 ಅನ್ನುವ ಸಣ್ಣ ವಿಮಾನ ಬಾಡಿಗೆಗೆ ತಗೊಂಡು ಹಾರುತ್ತೇನೆ. ಹೊಗಳೋದೂ ಇದೆ, ಬೈಯೋದೂ ಇದೆ. ಅದಕ್ಕೇ ಬೇಸ್ ಹೆಸರು ಹಾಕಿಲ್ಲ.

ಮೊದಲು ಯಾರು ಸೇರಬಹುದು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಗೆಳತಿಯರು ಕೇಳೋದು ಅದನ್ನೇ. ಸೇವೆಯಲ್ಲಿರುವವರು, ರಿಸರ್ವ್, ನ್ಯಾಷನಲ್ ಗಾರ್ಡ್, ನಿವೃತ್ತರು, ರಕ್ಷಣಾ ಇಲಾಖೆಯ ಸಿವಿಲಿಯನ್ ನೌಕರರು, ಇವರ ಮನೆಯವರು. ಎಚ್-1ಬಿಯಲ್ಲಿ ಐಟಿ ಕೆಲಸ ಮಾಡಿಕೊಂಡು ಇರುವವರಿಗೆ ಈ ಬಾಗಿಲು ಇಲ್ಲ, ಅವರು ಹೊರಗಿನ ಶಾಲೆಗೇ ಹೋಗಬೇಕು. ಏರ್ ಫೋರ್ಸ್‌ನಲ್ಲಿ ಈ ಕ್ಲಬ್‌ಗಳನ್ನು 1948ರಲ್ಲಿ ಶುರುಮಾಡಿಸಿದ್ದು ಜನರಲ್ ಕರ್ಟಿಸ್ ಲೆಮೇ. ಸೇನೆಯ ಹಣದಲ್ಲಿ ಮಜಾ ಮಾಡ್ತಾರೆ ಅಂತ ಅಂದುಕೊಳ್ಳಬೇಡಿ, ಬಹುಪಾಲು ನಡೆಯೋದು ಸದಸ್ಯರು ಕಟ್ಟುವ ಬಾಡಿಗೆ ಮತ್ತು ತಿಂಗಳ ಚಂದಾದಿಂದ.

ನಾನು ಸೇರುವಾಗ ಗ್ರೀನ್ ಕಾರ್ಡ್‌ನಲ್ಲಿದ್ದೆ. ಗಂಡ ಯೂನಿಫಾರ್ಮ್ ಹಾಕಿದ್ದರೂ ಅಷ್ಟೇ, ನಾಗರಿಕರಲ್ಲದವರು ಹಾರೋದು ಕಲಿಯಬೇಕಾದರೆ ಟಿಎಸ್‌ಎ, ಅಂದರೆ ಅಮೆರಿಕದ ಸಾರಿಗೆ ಭದ್ರತಾ ಇಲಾಖೆಯ ಅನುಮತಿ ಬೇಕೇ ಬೇಕು. ಅರ್ಜಿ, ಶುಲ್ಕ, ಬೆರಳಚ್ಚು, ಆಮೇಲೆ ಕಾಯೋದು. 2024ರಲ್ಲಿ ನಿಯಮ ಬದಲಾಗಿ ಒಂದು ಸಲದ ಅನುಮತಿ 5 ವರ್ಷದವರೆಗೂ ನಡೆಯುವ ಹಾಗಾಗಿದೆ. ಮೊದಲು ಮುಂದಿನ ಹಂತದ ತರಬೇತಿಗೆ ಮತ್ತೆ ಅದೇ ಗೋಳು ಇರುತ್ತಿತ್ತು.

ಈಗ ದುಡ್ಡಿನ ವಿಷಯ. ಗಂಟೆಯ ಬಾಡಿಗೆ ಹೊರಗಿನ ಶಾಲೆಗಳಿಗಿಂತ ಕಡಿಮೆ, ಅದರಲ್ಲೇ ಪೆಟ್ರೋಲೂ ಸೇರಿರುತ್ತದೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಪೂರ್ತಿ ಲೆಕ್ಕ ಹಾಕಿದರೆ ಉಳಿತಾಯ ಅಂದುಕೊಂಡಷ್ಟು ಇಲ್ಲ. ಕಾನೂನಿನ ಪ್ರಕಾರ ಕನಿಷ್ಠ 40 ಗಂಟೆ ಹಾರಿದರೆ ಸಾಕು, ಆದರೆ 40ಕ್ಕೇ ಮುಗಿಸಿದವರನ್ನು ನಾನಂತೂ ನೋಡಿಲ್ಲ, 60-70 ಸಾಮಾನ್ಯ. ಪಾಠದ ನಡುವೆ ಎರಡು ಮೂರು ವಾರ ಗ್ಯಾಪ್ ಬಿದ್ದರೆ ಹಿಂದಿನದನ್ನೇ ಮತ್ತೆ ಮಾಡಬೇಕು, ಅದಕ್ಕೂ ಮೀಟರ್ ಓಡುತ್ತದೆ. ಈ ಕ್ಲಬ್‌ನಲ್ಲಿ ಗ್ಯಾಪ್ ಬೀಳೋದು ಜಾಸ್ತಿ. ಇರೋದು ಬೆರಳೆಣಿಕೆಯ ವಿಮಾನ. ಒಂದು ವಿಮಾನ 100 ಗಂಟೆ ಹಾರಿದ ಮೇಲೆ ಮಾಡಿಸುವ ತಪಾಸಣೆಗೆ ಹೋಯಿತು ಅಂದರೆ ಆ ವಾರದ ಬುಕಿಂಗ್ ಎಲ್ಲ ಚೆಲ್ಲಾಪಿಲ್ಲಿ. ಬೇಸ್‌ನಲ್ಲಿ ಏನಾದರೂ ಯುದ್ಧಾಭ್ಯಾಸ ಇದ್ದರೆ, ಏರ್ ಶೋ ಇದ್ದರೆ, ದೊಡ್ಡವರು ಯಾರಾದರೂ ಬಂದಿದ್ದರೆ ನಮ್ಮ ಪುಟಾಣಿ ವಿಮಾನಗಳು ನೆಲದಲ್ಲೇ. ಪರೀಕ್ಷಕರ ಶುಲ್ಕ, ಹೆಡ್‌ಸೆಟ್, ಮೆಡಿಕಲ್ ಎಲ್ಲ ಬೇರೆ. ಜಿಐ ಬಿಲ್ (ಸೇನೆಯವರ ಓದಿಗೆ ಸರ್ಕಾರ ಕೊಡುವ ನೆರವು) ಹಣದಿಂದ ಮೊದಲ ಲೈಸೆನ್ಸ್ ಮುಗಿಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಫ್ಲೈಟ್ ಸ್ಕೂಲ್‌ಗೆ ಅದು ಸಿಗೋದು ಪ್ರೈವೇಟ್ ಲೈಸೆನ್ಸ್ ಕೈಯಲ್ಲಿದ್ದ ಮೇಲೆ.

ಇನ್ನೊಂದು ದೊಡ್ಡ ತಲೆನೋವು ವರ್ಗಾವಣೆ. ಸೇವೆಯಲ್ಲಿರುವ ಕೆಲವರು ಬಿಡುವಿನಲ್ಲಿ ಇನ್‌ಸ್ಟ್ರಕ್ಟರ್ ಆಗಿರುತ್ತಾರೆ. ತುಂಬ ಚುರುಕಾದ ಹುಡುಗ ನನಗೆ ಮೊದಲು ಕಲಿಸುತ್ತಿದ್ದ. ಒಂದು ದಿನ ಆರ್ಡರ್ ಬಂತು, ಹೊರಟೇಬಿಟ್ಟ. ಕ್ಲಬ್ ಆಫೀಸಿಗೆ ಇದು ತಿಂಗಳ ಮುಂಚೆಯೇ ಗೊತ್ತಿತ್ತು, ನನಗೆ ಒಂದು ಮೆಸೇಜ್ ಕೂಡ ಇಲ್ಲ. ಬೇರೆಯವರು ಸಿಗುವವರೆಗೆ ಚಂದಾ ಮಾತ್ರ ತಪ್ಪದೆ ಕಟ್ ಆಗುತ್ತಿತ್ತು. ಇದನ್ನು ಬರೆದು ಕೊಟ್ಟೆ, ಉತ್ತರ ಬರಲಿಲ್ಲ.

ಆಮೇಲೆ ಸಿಕ್ಕವರು ನಿವೃತ್ತ ಪೈಲಟ್, ಎಪ್ಪತ್ತರ ಹತ್ತಿರದ ಮನುಷ್ಯ. ಈ ವಿಮರ್ಶೆಯಲ್ಲಿ ಒಳ್ಳೆ ಮಾತು ಏನಿದ್ದರೂ ಅರ್ಧ ಅವರಿಗೆ ಸೇರಬೇಕು. ನಮ್ಮ 172ರಲ್ಲಿ ಹಾರುವ ಮುಂಚೆ 13 ಕಡೆಯಿಂದ ಪೆಟ್ರೋಲ್ ಸ್ವಲ್ಪ ಸ್ವಲ್ಪ ತೆಗೆದು ನೋಡಬೇಕು, ಒಂದೊಂದು ರೆಕ್ಕೆಯಲ್ಲಿ ಐದು, ಹೊಟ್ಟೆಯಡಿ ಮೂರು. ಒಂದೆರಡು ದಿನ ಆದ ಮೇಲೆ ಯಾರಾದರೂ ಸುಮ್ನೆ ಕಾಟಾಚಾರಕ್ಕೆ ಮಾಡುತ್ತಾರೆ. ಇವರು ಬಿಡುತ್ತಿರಲಿಲ್ಲ. ಆ ಪುಟ್ಟ ಪ್ಲಾಸ್ಟಿಕ್ ಕಪ್ಪನ್ನು ರೆಕ್ಕೆಯ ಬಿಳಿ ಬಣ್ಣಕ್ಕೆ ಹಿಡಿದು ನೋಡು ಅನ್ನುತ್ತಿದ್ದರು. ವಿಮಾನದ ಪೆಟ್ರೋಲ್‌ಗೆ ತೆಳು ನೀಲಿ ಬಣ್ಣ ಹಾಕಿರುತ್ತಾರೆ. ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಸರಿ. ಆದರೆ ಕಪ್ ತುಂಬ ಬರೀ ನೀರೇ ಬಂದಿದ್ದರೆ? ಆಗ ಗೆರೆಯೇ ಕಾಣೋದಿಲ್ಲ, ಎಲ್ಲ ಸ್ವಚ್ಛವಾಗಿರುವ ಹಾಗೆ ಕಾಣುತ್ತದೆ. ಬಣ್ಣ ನೋಡೋದು ಅದಕ್ಕೆ.

ರನ್‌ವೇ ಕಥೆ ಇನ್ನೂ ಮಜಾ. ಬೇಸ್‌ನ ರನ್‌ವೇ ದೈತ್ಯ ಸರಕು ವಿಮಾನಗಳಿಗಾಗಿ ಮಾಡಿದ್ದು, ನಾವು ಅದರ ಮೂಲೆಯಲ್ಲಿ ಎದ್ದು ಮೂಲೆಯಲ್ಲಿ ಇಳಿಯುತ್ತೇವೆ. ದೊಡ್ಡ ವಿಮಾನ ಎದ್ದ ಮೇಲೆ ಅದರ ಹಿಂದೆ ಸುಳಿಗಾಳಿ ಉಳಿದಿರುತ್ತದೆ, ಅದು ತಣ್ಣಗಾಗುವವರೆಗೆ ಟವರ್‌ನವರು ನಮ್ಮನ್ನು ನಿಲ್ಲಿಸಿಕೊಂಡಿರುತ್ತಾರೆ. ಇಳಿಯುವಾಗ ಪ್ರತಿ ಸಲ ಅವರು ‘ಚೆಕ್ ವೀಲ್ಸ್ ಡೌನ್’ (ಚಕ್ರ ಇಳಿಸಿದ್ದೀರಾ ನೋಡಿಕೊಳ್ಳಿ) ಅನ್ನುತ್ತಾರೆ, ಮಿಲಿಟರಿ ಟವರ್‌ಗಳ ಪದ್ಧತಿ ಅದು. ಸೆಸ್ನಾದ ಚಕ್ರ ಮಡಚೋದೇ ಇಲ್ಲ. ಹಳಬರು ‘ಡೌನ್ ಅಂಡ್ ವೆಲ್ಡೆಡ್’ (ಇಳಿದಿದೆ, ಬೆಸುಗೆಯೂ ಹಾಕಿದೆ) ಅಂತ ಉತ್ತರ ಕೊಡುತ್ತಾರೆ, ಟವರ್‌ನವರೂ ನಗುತ್ತಾರೆ.

ಇಂಥ ಅಗಲವಾದ ರನ್‌ವೇಯಲ್ಲಿ ಕಲಿತರೆ ಒಂದು ಅಪಾಯ ಇದೆ. ಇಳಿಯುವಾಗ ರನ್‌ವೇ ಹೇಗೆ ಕಾಣಬೇಕು ಅಂತ ಕಣ್ಣು ಒಂದು ಚಿತ್ರ ಇಟ್ಟುಕೊಳ್ಳುತ್ತದೆ. ಆಮೇಲೆ 75 ಅಡಿ ಅಗಲದ ಸಣ್ಣ ರನ್‌ವೇಗೆ ಹೋದರೆ, ಅದು ಕಿರಿದಾಗಿ ಕಂಡು ನಾವು ಇನ್ನೂ ತುಂಬ ಮೇಲಿದ್ದೇವೆ ಅನ್ನಿಸುತ್ತದೆ, ಗೊತ್ತಾಗದ ಹಾಗೆ ಕೆಳಗೆ ಕೆಳಗೆ ಬರುತ್ತೇವೆ, ಮರಗಳ ತಲೆ ಹತ್ತಿರ ಬರುತ್ತದೆ. ಅದಕ್ಕೇ ನಮ್ಮ ಹಿರಿಯ ಇನ್‌ಸ್ಟ್ರಕ್ಟರ್ ನನ್ನನ್ನು ಒಬ್ಬಳನ್ನೇ ದೂರ ಕಳಿಸುವ ಮುಂಚೆ ಸಿಯೆರಾ ಬೆಟ್ಟದ ಬುಡದ ಕೊಲಂಬಿಯಾಗೆ, ಕಡಲ ಪಕ್ಕದ ಹಾಫ್ ಮೂನ್ ಬೇಗೆ, ಸಿಕ್ಕ ಸಿಕ್ಕ ಪುಟ್ಟ ಏರ್‌ಪೋರ್ಟ್‌ಗೆಲ್ಲ ಕರೆದುಕೊಂಡು ಹೋದರು. ನೀವು ಬೇಸ್‌ನಲ್ಲಿ ಕಲಿಯುತ್ತಿದ್ದರೆ ಇದನ್ನು ಬಾಯಿಬಿಟ್ಟು ಕೇಳಿ ಮಾಡಿಸಿಕೊಳ್ಳಿ.

ನಿಯಮಗಳ ಬಗ್ಗೆ ಜನ ಗೊಣಗೋದು ಜಾಸ್ತಿ. ಸೇರುವಾಗಲೇ ಮೊಕದ್ದಮೆ ಹೂಡೋದಿಲ್ಲ ಅಂತ ಸಹಿ ಹಾಕಿಸಿಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಸೇಫ್ಟಿ ಮೀಟಿಂಗ್, ತಪ್ಪಿಸಿದರೆ ಅದನ್ನು ಸರಿಮಾಡಿಕೊಳ್ಳುವವರೆಗೆ ಹಾರುವ ಹಾಗಿಲ್ಲ. ಲೈಸೆನ್ಸ್ ಇದ್ದವರೂ ವರ್ಷಕ್ಕೊಮ್ಮೆ ಕ್ಲಬ್‌ನ ಇನ್‌ಸ್ಟ್ರಕ್ಟರ್ ಪಕ್ಕ ಕೂತು ಪರೀಕ್ಷೆ ಕೊಡಬೇಕು. ನನಗೆ ಇದು ಇಷ್ಟ. ಮೀಟಿಂಗ್‌ನಲ್ಲಿ ಈ ತಿಂಗಳು ಯಾವ ವಿಮಾನದಲ್ಲಿ ಏನು ಕೆಟ್ಟಿತು, ಯಾರು ಯಾವ ಗಾಳಿಯಲ್ಲಿ ವಾಪಸ್ ಬಂದರು ಅಂತ ಮುಚ್ಚುಮರೆ ಇಲ್ಲದೆ ಮಾತಾಡುತ್ತಾರೆ. ಮೆಕ್ಯಾನಿಕ್ ಅಲ್ಲೇ ಕೂತಿರುತ್ತಾರೆ, ನೇರವಾಗಿ ಕೇಳಬಹುದು. ಬಾಡಿಗೆ ವಿಮಾನದ ಒಳಗೆ ಏನು ನಡೆದಿದೆ ಅಂತ ಇಷ್ಟು ತಿಳಿಯೋದು ಬೇರೆ ಎಲ್ಲಿ?

ಹವಾಮಾನ ಯಾರ ಕೈಯಲ್ಲೂ ಇಲ್ಲ, ಆದರೂ ಹೇಳಬೇಕು. ಚಳಿಗಾಲದಲ್ಲಿ ಈ ಕಣಿವೆಯಲ್ಲಿ ಟೂಲಿ ಅನ್ನುವ ದಟ್ಟ ಮಂಜು ಕವಿದರೆ ದಿನಗಟ್ಟಲೆ ಏಳೋದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲಿಗೆ ಗಾಳಿ ತೆಳುವಾಗಿ ವಿಮಾನ ಮೇಲೇರೋಕೆ ಒದ್ದಾಡುತ್ತದೆ, ಬೆಳಗ್ಗೆ ಬೇಗ ಹಾರಬೇಕು. ವಸಂತದಲ್ಲಿ ಶುರುಮಾಡಿ.

ಊರಿಗೆ ಫೋನ್ ಮಾಡಿದಾಗ ಎಲ್ಲರೂ ಕೇಳೋದು ಒಂದೇ, ‘ಹಂಗಾದ್ರೆ ಇಂಡಿಗೋದಲ್ಲಿ ಕೆಲಸ ಸಿಗುತ್ತಾ?’ ಸಿಗೋದಿಲ್ಲ. ಇದು ಸ್ವಂತಕ್ಕೆ ಹಾರೋ ಲೈಸೆನ್ಸ್, ಕಾಸು ತಗೊಂಡು ಹಾರಿಸುವ ಹಾಗಿಲ್ಲ. ಭಾರತದಲ್ಲಿ ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಬೇಕು, ವಿಮಾನಯಾನ ನಿಯಂತ್ರಿಸುವ ಡಿಜಿಸಿಎಯ ಪರೀಕ್ಷೆ ಬೇರೆ. ಬೆಂಗಳೂರಿನ ನಮ್ಮ ಜಕ್ಕೂರಿನಲ್ಲಿ ವಿಮಾನ ಹಾರಿಸೋದು ಕಲಿಯೋಕೆ ಬರುವ ಮಕ್ಕಳ ಕಣ್ಣು ಹೆಚ್ಚಾಗಿ ಏರ್‌ಲೈನ್ ಮೇಲೇ. ಶನಿವಾರ ಬೆಳಗ್ಗೆ ಎದ್ದು ಸುಮ್ನೆ ಒಂದು ಸುತ್ತು ಹಾರಿ ಬರೋದಕ್ಕೆ ಕಲಿಯುತ್ತಾರೆ ಅಂದರೆ ನಮ್ಮ ಚಿಕ್ಕಪ್ಪನಿಗೆ ಇನ್ನೂ ಅರ್ಥವಾಗಿಲ್ಲ.

ಇನ್ನು ಆರೆಂಟು ತಿಂಗಳಲ್ಲಿ ವರ್ಗಾವಣೆ ಇದೆ ಅಂತಾದರೆ ಸೇರಬೇಡಿ, ಅರ್ಧಕ್ಕೆ ನಿಲ್ಲುತ್ತದೆ. ಎರಡು ವರ್ಷವಾದರೂ ಅಲ್ಲೇ ಇರುತ್ತೀರಿ, ವಾರದ ದಿನಗಳಲ್ಲಿ ಬಿಡುವಿದೆ ಅಂದರೆ ಕಣ್ಣುಮುಚ್ಚಿ ಸೇರಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು, ಹೋದ ಒಂದು ಪೂರ್ತಿ ಆ ಆಫೀಸಿನ ಲೆಕ್ಕಕ್ಕೆ. ಈಗ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಾಗ ಬರೀ ಉಪಕರಣ ನೋಡಿ ಹಾರುವ ಅರ್ಹತೆ) ಅಲ್ಲೇ ಶುರುಮಾಡಿದ್ದೇನೆ, ಅದೇ ಹಿರಿಯ ಇನ್‌ಸ್ಟ್ರಕ್ಟರ್ ಹತ್ತಿರ, ಮಂಗಳವಾರ ಬೆಳಗ್ಗೆ ಏಳಕ್ಕೆ, ವಿಮಾನ ಸಿಕ್ಕಿದರೆ.